ಗೃಹಶಿಲ್ಪದಲ್ಲಿ ಔಚಿತ್ಯ: ರಿವೇರನ ಜೋಡಿಮನೆಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯು ಗೃಹಸ್ಥನ ಕಷ್ಟವನ್ನು ಹೇಳುತ್ತದೆ. ಹಣದ ಚಿಂತೆ, ಗಾರೆಕೆಲಸದವರ ವಿಳಂಬ, ಮರಮುಟ್ಟಿನ ಅಭಾವ ಇವೇ ಆ ಗಾದೆಯ ವಿಷಯ. ಕಟ್ಟಿದ ಮೇಲೆ ಮನೆಯು ಸುಂದರವಾಯಿತೆ, ಅದರಲ್ಲಿ ಬಾಳುವವರಿಗೆ ಒಪ್ಪಿತೆ ಎಂಬ ಪ್ರಶ್ನೆಯನ್ನು ಗಾದೆಯು ಎತ್ತುವುದಿಲ್ಲ. ಕಾವ್ಯವನ್ನೂ ಚಿತ್ರವನ್ನೂ ಸಂಗೀತವನ್ನೂ ಕುರಿತು ಗಂಟೆಗಟ್ಟಲೆ ಚರ್ಚಿಸುವ ವಿದ್ಯಾವಂತರು ಸಹ ತಾವು ದಿನವೂ ವಾಸಮಾಡುವ ಮನೆಯನ್ನು ವಿಮರ್ಶೆಗೆ ತಕ್ಕ ವಿಷಯವೆಂದು ಎಣಿಸುವುದು ಅಪೂರ್ವ. ಕಾವ್ಯವು ಹಿಡಿಸದಿದ್ದರೆ ಪುಸ್ತಕವನ್ನು ಮುಚ್ಚಿಡಬಹುದು. ಮನೆಯು ಹಿಡಿಸದಿದ್ದರೂ ಅದರೊಳಗೇ ಮಲಗಿ ಏಳಬೇಕು. ಆದುದರಿಂದ ಗೃಹಶಿಲ್ಪದ ವಿಮರ್ಶೆಯು ಇತರ ಕಲೆಗಳ ವಿಮರ್ಶೆಗಿಂತ ಹೆಚ್ಚಿನ ಹೊಣೆಯುಳ್ಳದ್ದೆಂದು ಹೇಳಬೇಕಾಗುತ್ತದೆ. ಈ ವಿಚಾರಕ್ಕೆ ಒಳ್ಳೆಯ ನಿದರ್ಶನವೊಂದು ಮೆಕ್ಸಿಕೊ ದೇಶದ ರಾಜಧಾನಿಯಲ್ಲಿದೆ. ಅಲ್ಲಿನ ಸಾನ್ ಆಂಹೆಲ್ ಎಂಬ ಬಡಾವಣೆಯಲ್ಲಿ, ದಿಯೇಗೊ ರಿವೇರನೆಂಬ ಪ್ರಖ್ಯಾತ ಚಿತ್ರಗಾರನು ನವೀನ ವಾಸ್ತುಶಿಲ್ಪದ ಮೇಲಿನ ಮೋಹದಿಂದ 1931–32ರಲ್ಲಿ ಕಟ್ಟಿಸಿದ ಜೋಡಿಮನೆಗಳೇ ಆ ನಿದರ್ಶನ.

ಮನೆಗಳನ್ನು ಕಟ್ಟಿದ ಶಿಲ್ಪಿಯ ಹೆಸರು ಹುವಾನ್ ಓಗೋರ್ಮನ್. ಈತನು ಹುಟ್ಟಿದ್ದು 1905ರಲ್ಲಿ. ತಂದೆಯು ಐರ್ಲೆಂಡಿನಿಂದ ಬಂದು ಮೆಕ್ಸಿಕೊದಲ್ಲಿ ನೆಲೆಸಿದವನು, ಸ್ವತಃ ಚಿತ್ರಗಾರ. ಮಗನ ಕೈಗೂ ಕುಂಚವು ಒಗ್ಗಿತ್ತು. ಆದರೆ ಅವನು ವಿಶ್ವವಿದ್ಯಾನಿಲಯದಲ್ಲಿ ಅಭ್ಯಾಸ ಮಾಡಿದ್ದು ವಾಸ್ತುವಿದ್ಯೆಯನ್ನು. ಆ ದಿನಗಳಲ್ಲಿ ಯುರೋಪಿನಿಂದ ಹೊಸದೊಂದು ಮತವು ಬಂದಿತ್ತು. ಲ ಕಾರ್ಬೂಸಿಯೆ ಎಂಬ ಶಿಲ್ಪಿಯು 1923ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹಡಗು ವಿಮಾನ ಮೋಟಾರುಗಳನ್ನು ನಿರ್ಮಿಸುವ ಯಂತ್ರಶಾಸ್ತ್ರಜ್ಞನ ವಿವೇಕವನ್ನೇ ಮನೆ ಕಟ್ಟುವವನೂ ಅನುಸರಿಸಬೇಕೆಂದು ಸಾರಿದ್ದನು. ಕಟ್ಟಡದ ರೂಪವು ಅದರ ಉಪಯೋಗದಿಂದಲೇ ಹುಟ್ಟಬೇಕು, ಅನ್ಯವಾದುದೆಲ್ಲ ತ್ಯಾಜ್ಯ ಎಂಬ ಈ ಮತದ ಕಟ್ಟುನಿಟ್ಟಾದ ರೂಪವನ್ನು ಉಪಯೋಗವಾದವೆಂದು ಕರೆಯಬಹುದು. ತರುಣ ಓಗೋರ್ಮನ್ನನು ಆ ಗ್ರಂಥವನ್ನು ಓದಿ ಅದಕ್ಕೆ ಮನಸೋತನು. 1929ರಲ್ಲಿ ಸಾನ್ ಆಂಹೆಲಿನಲ್ಲಿ ನಿವೇಶನವನ್ನು ಕೊಂಡು, ಈ ಮತಕ್ಕೆ ಅನುಸಾರವಾಗಿ ಚಿತ್ರಶಾಲೆಯಿರುವ ಒಂದು ಮನೆಯನ್ನು ಕಟ್ಟಿದನು. ಕಾಂಕ್ರೀಟಿನ ತೆಳುವಾದ ಕಂಬಗಳು, ಕಾರ್ಖಾನೆಗಳಲ್ಲಿರುವಂತಹ ಉಕ್ಕಿನ ಕಿಟಕಿಗಳು, ಸುರುಳಿಯಾಗಿ ಮೇಲೇರುವ ಹೊರಮೆಟ್ಟಿಲು, ಸುತ್ತಲೂ ಕಳ್ಳಿಯ ಬೇಲಿ ಇವಿಷ್ಟೇ ಅದರ ಸಂಪತ್ತು. ಇದು ಕಲಾಕೃತಿಯೆಂದು ಅವನು ಹೇಳಿಕೊಳ್ಳಲಿಲ್ಲ. ಉಪಯೋಗಕ್ಕಾಗಿ ಕಟ್ಟಿದ್ದು, ಅಷ್ಟೆ ಎಂಬುದು ಅವನ ನಿಲವು.

ಈ ಮನೆಯನ್ನು ರಿವೇರನು ಬಂದು ನೋಡಿದನು. ರಿವೇರನು 1886ರಲ್ಲಿ ಜನಿಸಿದವನು. ಯುರೋಪಿನಲ್ಲಿ ಬಹುಕಾಲ ಕಳೆದು ಹಿಂದಿರುಗಿ, ಸಾರ್ವಜನಿಕ ವಿದ್ಯಾಖಾತೆಯ ಕಚೇರಿಯ ಗೋಡೆಗಳ ಮೇಲೆ 1923ರಿಂದ 1928ರ ವರೆಗೆ ರೈತರ, ಕೂಲಿಗಾರರ, ಹಬ್ಬಹರಿದಿನಗಳ ಮಹಾಚಿತ್ರಗಳನ್ನು ಬರೆದು ಹೆಸರಾದವನು. ಗೋಡೆಯನ್ನು ಕಂಡರೆ ಚಿತ್ರದಿಂದ ತುಂಬಬೇಕೆಂಬ ಸ್ವಭಾವದವನು ಬರಿಯ ಗೋಡೆಗಳ ಮನೆಯನ್ನು ಮೆಚ್ಚಿದನೆಂಬುದೇ ಮೊದಲನೆಯ ಆಶ್ಚರ್ಯ. ಅವನು ಬರಿದೆ ಮೆಚ್ಚಲಿಲ್ಲ, ಮೆಚ್ಚಿಕೆಗೆ ಒಂದು ಸಿದ್ಧಾಂತವನ್ನೂ ಕಟ್ಟಿದನು. ಓಗೋರ್ಮನ್ನನೇ ಮುಂದೆ ಹೇಳಿರುವ ಮೇರೆಗೆ ಆ ಸಿದ್ಧಾಂತದ ತಾತ್ಪರ್ಯವು ಹೀಗಿತ್ತು. ಅತ್ಯಲ್ಪ ವೆಚ್ಚದಿಂದ ಅತ್ಯಧಿಕ ಉಪಯೋಗವನ್ನು ಕೊಡುವಂತೆ ಶಾಸ್ತ್ರೀಯವಾಗಿ ಕಟ್ಟಿದ ಕಟ್ಟಡವು ಕಲಾಕೃತಿಯೂ ಆಗುತ್ತದೆ. ಹಾಗೆ ಕಟ್ಟಿದರೆ ಒಂದೇ ಶ್ರಮದಿಂದ ಹೆಚ್ಚು ಕಟ್ಟಡಗಳನ್ನು ಎಬ್ಬಿಸಬಹುದು. ಅದರಿಂದ ದೇಶದ ಪುನರ್ನಿರ್ಮಾಣವು ಬೇಗನೆ ಆಗುವುದು. ಆದಕಾರಣ ಅದು ಸುಂದರ. 1910ರಲ್ಲಿ ಹೊತ್ತಿಕೊಂಡ ಕ್ರಾಂತಿಯಿಂದ ಹತ್ತು ವರ್ಷ ನಲುಗಿ ಎದ್ದ ದೇಶದಲ್ಲಿ ಈ ಮಾತು ಮನಸ್ಸನ್ನು ಹಿಡಿಯುವಂತಹುದೇ. ರಿವೇರನು ಅದೇ ಶಿಲ್ಪಿಗೆ, ಪಕ್ಕದ ನಿವೇಶನದಲ್ಲಿ ತನಗೊಂದು ಮನೆಯನ್ನೂ ತನ್ನ ಪತ್ನಿಯಾದ ಚಿತ್ರಗಾರ್ತಿ ಫ್ರೀದಾ ಕಾಲೋಗೆ ಇನ್ನೊಂದು ಮನೆಯನ್ನೂ ಕಟ್ಟಿಕೊಡುವಂತೆ ಹೇಳಿದನು.

ಹೀಗೆ ಎದ್ದ ಮನೆಗಳು ಎರಡು. ದೊಡ್ಡದು ರಿವೇರನದು, ಅದರ ಬಣ್ಣ ಕೆಂಪು ಮತ್ತು ಬಿಳುಪು. ಚಿಕ್ಕದು ಫ್ರೀದಾಳದು, ಗಾಢವಾದ ನೀಲಿ. ಎರಡೂ ಬೇರೆಬೇರೆಯಾಗಿ ನಿಂತಿವೆ. ಮಾಳಿಗೆಯ ಮಟ್ಟದಲ್ಲಿ ಇಕ್ಕಟ್ಟಾದ ಒಂದು ಸೇತುವೆಯು ಮಾತ್ರ ಅವನ್ನು ಕೂಡಿಸುತ್ತದೆ. ರಿವೇರನ ಚಿತ್ರಶಾಲೆಯು ಎರಡು ಅಂತಸ್ತುಗಳ ಎತ್ತರವುಳ್ಳದ್ದು. ಅದರ ಮಾಡು ಗರಗಸದ ಹಲ್ಲಿನಂತೆ ಏರಿಳಿದು, ಚಿತ್ರಗಾರನಿಗೆ ಬೇಕಾದ ನೆರಳಿಲ್ಲದ ಸಮಬೆಳಕನ್ನು ಒಳಕ್ಕೆ ಬಿಡುತ್ತದೆ. ನೀರಿನ ತೊಟ್ಟಿಗಳು ಮಾಳಿಗೆಯ ಮೇಲೆ ಮರೆಯಿಲ್ಲದೆ ಕುಳಿತಿವೆ. ಒಳಗಡೆ ವಿದ್ಯುತ್ತಂತಿಗಳಿಗೂ ಮುಚ್ಚುಮರೆಯಿಲ್ಲ, ಚಾವಣಿಯ ಕಾಂಕ್ರೀಟಿಗೆ ಗಿಲಾವು ಇಲ್ಲ. ಕಾಂಪೌಂಡು ಗೋಡೆಯ ಬದಲಿಗೆ ಸಾಲಾಗಿ ನೆಟ್ಟ ಕಂಬಗಳ್ಳಿ. ಎದುರುಗಡೆ ಹಳೆಯ ಜಮೀನ್ದಾರಿ ಕಾಲದ ಭವ್ಯವಾದ ಸೌಧವೊಂದಿದೆ. ಅದರ ಮುಂದೆ ಈ ಮನೆಗಳು ಸಭೆಗೆ ಕೆಲಸದ ಉಡುಪಿನಲ್ಲೇ ಬಂದ ಕೂಲಿಗಾರನಂತೆ ನಿಂತಿದ್ದವು.

ಈ ಮನೆಗಳ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ದೋಷವನ್ನು ಹುಡುಕುವುದಕ್ಕೆ ಮುಂಚೆ ಗುಣವನ್ನು ಗ್ರಹಿಸದವನು ಸಹೃದಯನಲ್ಲ. ಇಲ್ಲಿಯ ಮೊದಲನೆಯ ಗುಣ ಪ್ರಾಮಾಣಿಕತೆ. ಇಟ್ಟಿಗೆಯ ಗೋಡೆಗೆ ಗಾರೆ ಮೆತ್ತಿ ಕಲ್ಲೆಂದು ತೋರಿಸುವುದು, ಭಾರವನ್ನೇ ಹೊರದ ಕಂಬಗಳನ್ನು ಮುಂಬಾಗಿಲಲ್ಲಿ ನಿಲ್ಲಿಸುವುದು ಮುಂತಾದ ಠಕ್ಕುಗಳು ಇಲ್ಲಿಲ್ಲ. ಎರಡನೆಯದು ರಿವೇರನ ವೃತ್ತಿಗೆ ಒದಗಿದ ಅನುಕೂಲ. ಆಳೆತ್ತರದ ಚಿತ್ರಪಟಗಳನ್ನು ಬರೆಯುವವನಿಗೆ ಬೇಕಾದ ಎತ್ತರ, ಬೆಳಕು, ಬಯಲು ಎಲ್ಲವೂ ಅಲ್ಲಿದ್ದುವು. ಮೂರನೆಯದು ಕಳ್ಳಿಯ ಬೇಲಿ. ಮೆಕ್ಸಿಕೊದ ಹಳ್ಳಿಗನು ತನ್ನ ಹಿತ್ತಲಿಗೆ ಹಾಕುವ ಬೇಲಿಯನ್ನೇ ಶಿಲ್ಪಿಯು ನಗರದ ಮನೆಗೆ ಹಾಕಿದನು. ಯುರೋಪಿನ ಮತವು ಮೆಕ್ಸಿಕೊದ ಮಣ್ಣಿನಲ್ಲಿ ಬೇರೂರಿದ್ದು ಆ ಬೇಲಿಯಲ್ಲಿಯೇ ಎಂದರೆ ತಪ್ಪಾಗಲಾರದು.

ಇದೇ ಮತವು ಮನೆಗಳಿಗಿಂತ ಹೆಚ್ಚಾಗಿ ಸಾರ್ಥಕವಾದದ್ದು ಪಾಠಶಾಲೆಗಳಲ್ಲಿ. 1932ರಲ್ಲಿ ಓಗೋರ್ಮನ್ನನು ವಿದ್ಯಾಖಾತೆಯ ಕಟ್ಟಡಗಳ ಅಧಿಕಾರಿಯಾದನು. 10 ಲಕ್ಷ ಪೆಸೊ ಹಣದಲ್ಲಿ 20ಕ್ಕೂ ಹೆಚ್ಚು ಹೊಸ ಶಾಲೆಗಳನ್ನು ಕಟ್ಟಿಸಿದನು. ಅಲಂಕಾರಕ್ಕೆ ಒಂದು ಕಾಸನ್ನೂ ಚೆಲ್ಲದೆ, ಗಾಳಿ ಬೆಳಕು ನೀರು ಶೌಚಗಳಿಗೆ ಹಣವನ್ನು ತೊಡಗಿಸಿದನು. ಸೋರುವ ಮಾಡಿನ ಕೆಳಗೆ ಮಕ್ಕಳನ್ನು ಕೂರಿಸಿ ಪಾಠ ಹೇಳಿದ ಉಪಾಧ್ಯಾಯರು ಯಾವ ದೇಶದವರಾದರೂ ಆಗಲಿ, ಈ ಲೆಕ್ಕವನ್ನು ಕೇಳಿದರೆ ಆ ಶಿಲ್ಪಿಗೆ ಕೈಮುಗಿಯದೆ ಇರಲಾರರು. 1933ರಲ್ಲಿ ಮೆಕ್ಸಿಕೊದ ವಾಸ್ತುಶಿಲ್ಪಿಗಳ ಸಂಘವು ನಡೆಸಿದ ಉಪನ್ಯಾಸಮಾಲೆಯಲ್ಲಿ ಓಗೋರ್ಮನ್ನನು ಈ ಪಕ್ಷವನ್ನೇ ಎತ್ತಿಹಿಡಿದು ವಾದಿಸಿದನು. ದೇಶದಲ್ಲಿ ಬಹುಜನರಿಗೆ ಸೂರಿಲ್ಲದಿರುವಾಗ ಶಿಲ್ಪಿಯು ಸೌಂದರ್ಯದ ಮಾತೆತ್ತುವುದು ಅಪ್ರಕೃತವೆಂಬುದು ಅವನ ವಾದದ ತಿರುಳು.

ಇನ್ನು ರಿವೇರನ ಸಿದ್ಧಾಂತವನ್ನು ಪರೀಕ್ಷಿಸಬೇಕು. ತರ್ಕದ ಪರಿಭಾಷೆಯಲ್ಲಿ ಅದನ್ನು ಹೀಗೆ ಇಡಬಹುದು. ಈ ಮನೆಯು ಸುಂದರವಾದದ್ದು ಎಂಬುದು ಪ್ರತಿಜ್ಞೆ. ಅಲ್ಪವ್ಯಯದಿಂದ ಬಹುಪ್ರಯೋಜನವನ್ನು ಕೊಡುವುದರಿಂದ ಎಂಬುದು ಹೇತು. ಅಲ್ಪವ್ಯಯದಿಂದ ಬಹುಪ್ರಯೋಜನವನ್ನು ಕೊಡುವುದೆಲ್ಲವೂ ಸುಂದರವೆಂಬುದು ವ್ಯಾಪ್ತಿ. ಈ ವ್ಯಾಪ್ತಿಯು ನಿಲ್ಲುವುದಿಲ್ಲ. ಧಾನ್ಯ ತುಂಬುವ ಗೋಣಿಚೀಲವು ಅಗ್ಗವಾದದ್ದು, ಅದರ ಪ್ರಯೋಜನವೂ ಬಹಳ. ಆದರೂ ಅದನ್ನು ಸುಂದರವೆಂದು ಯಾರೂ ಹೊಗಳರು. ಹೇತುವು ಇರುವಲ್ಲಿ ಸಾಧ್ಯವು ಇಲ್ಲವಾದ್ದರಿಂದ ಇಲ್ಲಿ ವ್ಯಭಿಚಾರದೋಷವುಂಟು. ಹಾಗಾದರೆ ರಿವೇರನು ಕಂಡ ಸೌಂದರ್ಯವು ಭ್ರಾಂತಿಯೆ? ಅದೂ ಅಲ್ಲ. ಅವನ ಕಣ್ಣು ಮನೆಯನ್ನು ಕಂಡೊಡನೆಯೇ ಮೆಚ್ಚಿತು, ಬುದ್ಧಿಯು ಆಮೇಲೆ ಕಾರಣವನ್ನು ಹುಡುಕಿತು. ಪ್ರತ್ಯಕ್ಷವು ಸರಿಯಾಗಿತ್ತು, ಅನುಮಾನವು ತಪ್ಪಿತು.

ಈ ಮಾತಿಗೆ ಮನೆಗಳೇ ಸಾಕ್ಷಿ. ಉಪಯೋಗವೊಂದೇ ನಿಯಮವಾಗಿದ್ದರೆ ಒಂದು ಮನೆಗೆ ಕೆಂಪನ್ನೂ ಇನ್ನೊಂದಕ್ಕೆ ನೀಲಿಯನ್ನೂ ಬಳಿದದ್ದೇಕೆ? ಕೆಂಪು ಗೋಡೆಯು ನೀಲಿ ಗೋಡೆಗಿಂತ ಹೆಚ್ಚು ಭಾರವನ್ನು ಹೊರುವುದಿಲ್ಲ, ಮಳೆಯನ್ನು ಹೆಚ್ಚಾಗಿ ತಡೆಯುವುದಿಲ್ಲ. ಆ ಬಣ್ಣಗಳು ಮೆಕ್ಸಿಕೊದ ಸಾಮಾನ್ಯಜನರ ಮನೆಗಳ ಗೋಡೆಗಳಿಂದ ಬಂದವು. ಹಸುರು ಕಳ್ಳಿಯ ಸಾಲಿನ ಹಿಂದೆ ನೀಲಿ ಗೋಡೆಯನ್ನು ನಿಲ್ಲಿಸಿದವನು ಚಿತ್ರಗಾರನ ಮಗನೂ ಸ್ವತಃ ಚಿತ್ರಗಾರನೂ ಆಗಿದ್ದನೆಂಬುದು ಆಕಸ್ಮಿಕವಲ್ಲ. ಇನ್ನೊಂದು ಸಾಕ್ಷಿಯು ಚಿತ್ರಶಾಲೆಯ ಒಳಗಿದೆ. ಯಂತ್ರದಂತಹ ಆ ಶಾಲೆಯನ್ನು ರಿವೇರನು ಕಾಗದವನ್ನು ಅಂಟಿಸಿ ಮಾಡಿದ ಆಳೆತ್ತರದ ಜೂದಾಸನ ಬೊಂಬೆಗಳಿಂದಲೂ, ಸ್ಪೇನಿನವರು ಬರುವುದಕ್ಕೆ ಮುಂಚಿನ ಕಾಲದ ಮಣ್ಣಿನ ಮತ್ತು ಕಲ್ಲಿನ ವಿಗ್ರಹಗಳಿಂದಲೂ ತುಂಬಿದನು. ಗೋಡೆಯಿಂದ ಹೊರಗೆ ಹಾಕಿದ ಅಲಂಕಾರವನ್ನು ಮನೆಯ ಯಜಮಾನನು ತಾನೇ ಬಾಗಿಲಿನಿಂದ ಒಳಕ್ಕೆ ಕರೆತಂದನು.

ಆದರೆ ಇದಕ್ಕಿಂತ ಗುರುತರವಾದ ಪ್ರಶ್ನೆಯೊಂದು ಉಳಿಯುತ್ತದೆ. ಉಪಯೋಗ ಎಂದರೆ ಯಾರ ಉಪಯೋಗ? ಫ್ರೀದಾ ಕಾಲೋಗೆ ಆರನೆಯ ವಯಸ್ಸಿನಲ್ಲಿ ಪೋಲಿಯೊ ತಗಲಿ ಬಲಗಾಲು ಸೊರಗಿತು. 1925ರಲ್ಲಿ, ಆಕೆಗೆ 18 ವರ್ಷವಾಗಿದ್ದಾಗ, ಕುಳಿತಿದ್ದ ಬಸ್ಸಿಗೆ ಟ್ರಾಮುಗಾಡಿಯು ಬಡಿದು ಬೆನ್ನೆಲುಬೂ ಸೊಂಟದ ಎಲುಬೂ ಅದೇ ಕಾಲೂ ಮುರಿದವು. ಅಂದಿನಿಂದ ನೋವು ಆಕೆಯನ್ನು ಬಿಡಲಿಲ್ಲ. ಇಂತಹವಳಿಗಾಗಿ ಕಟ್ಟಿದ ಮನೆಯು ಅಗಲಕ್ಕಿಂತ ಎತ್ತರಕ್ಕೆ ಬೆಳೆದದ್ದು. ಒಳಗಡೆ ಸುರುಳಿಮೆಟ್ಟಿಲನ್ನು ಹತ್ತಿ ಚಿತ್ರಶಾಲೆಗೆ ಹೋಗಬೇಕು. ಅಲ್ಲಿಂದ ಗಂಡನ ಮನೆಗೆ ಹೋಗಬೇಕಾದರೆ ಗೋಡೆಯ ಹೊರಮೈಗೆ ಅಂಟಿಕೊಂಡ ಕಿರಿದಾದ ಮೆಟ್ಟಿಲಿನಿಂದ ಮಾಳಿಗೆಗೆ ಏರಿ, ಸೇತುವೆಯನ್ನು ದಾಟಬೇಕು. ಕೆಳಗಿಳಿದು ಅಂಗಳದ ಮೂಲಕ ಹೋಗುವುದಾದರೂ ಮೆಟ್ಟಿಲು ತಪ್ಪಿದ್ದಲ್ಲ. ಛಾಯಾಚಿತ್ರಗಳಲ್ಲಿ ಆ ಮೆಟ್ಟಿಲೂ ಸೇತುವೆಯೂ ಎಷ್ಟು ಲಘುವಾಗಿ, ಎಷ್ಟು ಚೆಲುವಾಗಿ ಕಾಣುತ್ತವೆಂದರೆ, ಅವುಗಳನ್ನು ಹತ್ತಬೇಕಾಗಿದ್ದ ಕಾಲು ಯಾವುದೆಂಬುದೇ ನೋಡುವವನಿಗೆ ಮರೆತುಹೋಗುತ್ತದೆ.

ರೋಗಕ್ಕೆ ಶಿಲ್ಪಿಯು ಹೊಣೆಯೆ ಎಂದು ಆಕ್ಷೇಪಿಸುವವರು ಇರಬಹುದು. ಶಿಲ್ಪಿಯು ರೋಗಕ್ಕೆ ಹೊಣೆಯಲ್ಲ, ಮೆಟ್ಟಿಲಿಗೆ ಹೊಣೆ. ಸೌಂದರ್ಯಕ್ಕಾಗಿ ಕಟ್ಟಿದೆನೆಂದು ಹೇಳುವವನು ಅನಾನುಕೂಲಕ್ಕೆ ಕ್ಷಮೆಯನ್ನು ಬೇಡಬಹುದು, ನೋಡಿದವರು ಕೊಡಲೂಬಹುದು. ಉಪಯೋಗವೇ ಸರ್ವಸ್ವವೆಂದು ಸಾರಿದವನಿಗೆ ಆ ದಾರಿಯು ಮುಚ್ಚಿಹೋಗಿದೆ. ಆ ಮತವು ತನ್ನ ಮಾತಿನಿಂದಲೇ ಇಲ್ಲಿ ಸೋಲುತ್ತದೆ. ಮನುಷ್ಯನ ಅವಶ್ಯಕತೆಗಳನ್ನು ಸಾಮಾನ್ಯವಾಗಿ ಲೆಕ್ಕಹಾಕಿದ ಓಗೋರ್ಮನ್ನನು, ತಾನು ಬಲ್ಲ ಒಬ್ಬಾಕೆಯ ಅವಶ್ಯಕತೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಉತ್ಸಾಹದ ಭರದಲ್ಲಿದ್ದ ರಿವೇರನಿಗೂ ಅದು ತೋರಲಿಲ್ಲ.

ಪ್ರಾಚೀನ ಭಾರತದ ಒಂದು ಕ್ರಮವನ್ನು ಇಲ್ಲಿ ನೆನೆಯುವುದು ಅನುಚಿತವಾಗಲಾರದು. ಅಗ್ನಿಚಯನದಲ್ಲಿ ವೇದಿಯನ್ನು ಅಳೆಯುವ ಮಾನಕ್ಕೆ ಪುರುಷವೆಂದು ಹೆಸರು. ಆ ಯಾಗವನ್ನು ಮಾಡುವ ಯಜಮಾನನು ಎರಡು ಕೈಗಳನ್ನೂ ಮೇಲಕ್ಕೆತ್ತಿ ನಿಂತರೆ ಎಷ್ಟು ಎತ್ತರವೋ ಅಷ್ಟೇ ಆ ಮಾನ. ಯಜಮಾನನು ಬೇರೆಯಾದರೆ ಅಳತೆಯೂ ಬೇರೆ. ವೇದಿಯ ಆಕಾರವು ಶಾಸ್ತ್ರದಿಂದ ಬಂದರೂ ಪ್ರಮಾಣವು ಯಾರಿಗಾಗಿ ಅದನ್ನು ಕಟ್ಟುವರೋ ಅವರ ಮೈಯಿಂದ ಬರುತ್ತಿತ್ತು. ಕಾಶ್ಮೀರದ ಕ್ಷೇಮೇಂದ್ರನು 11ನೆಯ ಶತಮಾನದಲ್ಲಿ ಔಚಿತ್ಯವನ್ನು ಕಾವ್ಯದ ಜೀವವೆಂದು ಸಾಧಿಸಿದಾಗಲೂ ಹೇಳಿದ್ದು ಬಹುಮಟ್ಟಿಗೆ ಇದೇ ತತ್ತ್ವವನ್ನು. ಒಡವೆಯು ಎಷ್ಟೇ ಬೆಲೆಯುಳ್ಳದ್ದಾದರೂ ತಕ್ಕ ಅಂಗದಲ್ಲಿದ್ದರೆ ಮಾತ್ರ ಶೋಭೆ. ಉಪಯೋಗವೂ ಹಾಗೆಯೇ ಅಲ್ಲವೆ? ಯಾರಿಗೆ, ಎಲ್ಲಿ, ಯಾವ ಕಾರ್ಯಕ್ಕೆ ಎಂಬುದನ್ನು ಬಿಟ್ಟು ಉಪಯೋಗವೆಂಬ ಪದಾರ್ಥವೇ ಇಲ್ಲ. ಒಂದೇ ಶಿಲ್ಪಿ, ಒಂದೇ ಮತ, ಒಂದೇ ನಿವೇಶನವಾಗಿದ್ದರೂ ಕೆಂಪು ಮನೆಯು ತನ್ನ ಯಜಮಾನನಿಗೆ ಉಚಿತವಾಯಿತು, ನೀಲಿ ಮನೆಯು ತನ್ನ ಯಜಮಾನಿಗೆ ಅಷ್ಟು ಉಚಿತವಾಗಲಿಲ್ಲ.

ದಂಪತಿಗಳು ಅಮೆರಿಕದಿಂದ ಹಿಂದಿರುಗಿ ಈ ಮನೆಗಳಲ್ಲಿ ಬಾಳತೊಡಗಿದರು. 1939ರಲ್ಲಿ ವಿಚ್ಛೇದನವಾಯಿತು, 1940ರಲ್ಲಿ ಅವರು ಮತ್ತೆ ವಿವಾಹವಾದರು. ಫ್ರೀದಾ ಮಾತ್ರ ಕೊಯೊಆಕಾನಿನಲ್ಲಿ ತನ್ನ ತಂದೆಯು ಕಟ್ಟಿಸಿದ್ದ ಹಳೆಯ ಮನೆಗೆ ಮರಳಿದಳು. ನಡುವೆ ಅಂಗಳವಿಟ್ಟು ಸುತ್ತಲೂ ಕೋಣೆಗಳನ್ನು ಜೋಡಿಸಿದ ಮನೆಯದು. ಕನ್ನಡನಾಡಿನ ತೊಟ್ಟಿಮನೆಯನ್ನು ಕಂಡವರಿಗೆ ಅದರ ವಿನ್ಯಾಸವು ಅಪರಿಚಿತವೆನಿಸದು. 1954ರಲ್ಲಿ ಆಕೆಯು ತೀರಿಕೊಂಡದ್ದೂ ಅಲ್ಲಿಯೇ. ಸಂಸಾರದ ಕಾರಣಗಳು ಅನೇಕವಾದುದರಿಂದ ಆಕೆಯ ನಿರ್ಗಮನದ ಭಾರವನ್ನು ನೀಲಿ ಮನೆಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ರಿವೇರನಾದರೋ ಸಾನ್ ಆಂಹೆಲಿನ ಚಿತ್ರಶಾಲೆಯಲ್ಲಿ ಕಡೆಯ ವರೆಗೂ ಕೆಲಸಮಾಡಿ, 1957ರಲ್ಲಿ ಅಲ್ಲಿಯೇ ದೇಹವನ್ನು ಬಿಟ್ಟನು.

ಓಗೋರ್ಮನ್ನನ ಮುಂದಿನ ಕಥೆಯು ಇನ್ನೂ ವಿಚಾರಾರ್ಹ. ಅತ್ಯಲ್ಪ ವೆಚ್ಚ, ಅತ್ಯಧಿಕ ಉಪಯೋಗ ಎಂಬ ತನ್ನ ಸೂತ್ರವನ್ನು ಬಾಡಿಗೆಮನೆಗಳ ಒಡೆಯರು ಹಿಡಿದುಕೊಂಡು, ಅತ್ಯಲ್ಪ ಬಂಡವಾಳದಿಂದ ಅತ್ಯಧಿಕ ಬಾಡಿಗೆಯನ್ನು ಕೀಳುವ ಉಪಾಯವನ್ನಾಗಿ ಮಾಡಿಕೊಂಡರೆಂದು ಅವನು ಮುಂದೆ ಮರುಗಿದನು. ಬಡಮಕ್ಕಳ ಶಾಲೆಗೆಂದು ಹುಟ್ಟಿದ ಸೂತ್ರವು ಲೋಭಿಯ ಕೈಗೆ ಸಿಕ್ಕಿತ್ತು. 1930ರ ದಶಕದ ಕೊನೆಯ ವೇಳೆಗೆ ಅವನು ವಾಸ್ತುವಿದ್ಯೆಯಿಂದ ವಿಮುಖನಾಗಿ ಚಿತ್ರಕಲೆಯನ್ನು ಹಿಡಿದನು. ಮತ್ತೆ ಮನೆ ಕಟ್ಟಲು ತೊಡಗಿದಾಗ ಅವನು ನಡೆದದ್ದು ತದ್ವಿರುದ್ಧವಾದ ದಾರಿಯಲ್ಲಿ. 1940ರ ದಶಕದ ಕೊನೆಗೆ ಆರಂಭಿಸಿ ಕೆಲವು ವರ್ಷ ದುಡಿದು, ಪೆದ್ರೆಗಾಲ್ ಎಂಬ ಲಾವಾಶಿಲೆಯ ಬಯಲಿನಲ್ಲಿ, ಸಹಜವಾದ ಗುಹೆಯೊಂದನ್ನು ಒಳಗೊಂಡು ತನಗಾಗಿ ಮನೆಯನ್ನು ಕಟ್ಟಿಕೊಂಡನು. ಗೋಡೆ ಚಾವಣಿಗಳ ಮೇಲೆಲ್ಲ ಬಣ್ಣದ ಕಲ್ಲಿನ ತುಣುಕುಗಳನ್ನು ಕೂಡಿಸಿ ಪುರಾಣದ ಮೂರ್ತಿಗಳನ್ನೂ ಪ್ರಾಣಿಪಕ್ಷಿಗಳನ್ನೂ ಮೂಡಿಸಿದನು. ಒಂದು ಕಾಲದಲ್ಲಿ ಗಿಲಾವನ್ನೂ ಅಲಂಕಾರವೆಂದು ಬಿಟ್ಟಿದ್ದವನು ಈಗ ಅಂಗುಲದಷ್ಟು ಬರಿಯ ಗೋಡೆಯನ್ನೂ ಸಹಿಸಲಿಲ್ಲ. 1969ರಲ್ಲಿ ಅದನ್ನು ಮಾರಬೇಕಾಯಿತು. ಕೊಂಡವರು ಅದರ ಬಹುಭಾಗವನ್ನು ಕೆಡವಿದರು. ಕೆಡವಿದ್ದು ಕಲಾಲೋಕಕ್ಕೆ ನಷ್ಟವೇ ಸರಿ. ಆದರೂ ಒಬ್ಬನ ಕನಸಿಗೆ ಮಾತ್ರ ಉಚಿತವಾದ ಮನೆಯಲ್ಲಿ ಎರಡನೆಯವರು ಸಂಸಾರ ಹೂಡುವುದು ಕಷ್ಟವೆಂಬುದನ್ನು ಮರೆಯಲಾಗದು. ನೀಲಿ ಮನೆಯು ಒಬ್ಬಾಕೆಯನ್ನು ಮರೆತು ಎಲ್ಲರನ್ನೂ ನೆನೆಯಿತು. ಗುಹೆಯ ಮನೆಯು ಒಬ್ಬನನ್ನು ನೆನೆದು ಎಲ್ಲರನ್ನೂ ಮರೆಯಿತು.

ಈ ಎರಡು ಅತಿಗಳ ನಡುವೆ ಅವನ ಕೈಯಿಂದಲೇ ಸಮನ್ವಯವೊಂದು ಹುಟ್ಟಿತೆಂಬುದು ಸಂತೋಷದ ಸಂಗತಿ. ಮೆಕ್ಸಿಕೊದ ರಾಷ್ಟ್ರೀಯ ವಿಶ್ವವಿದ್ಯಾನಿಲಯದ ಕೇಂದ್ರ ಗ್ರಂಥಾಲಯವನ್ನು ಅವನು ಗುಸ್ತಾವೊ ಸಾವೇದ್ರ, ಹುವಾನ್ ಮಾರ್ತೀನೆಸ್ ದೆ ವೆಲಾಸ್ಕೊ ಎಂಬಿಬ್ಬರೊಡನೆ ಕೂಡಿ 1950ರ ದಶಕದ ಆರಂಭದಲ್ಲಿ ನಿರ್ಮಿಸಿದನು. ಪುಸ್ತಕಗಳನ್ನು ಇಡುವ ಗೋಪುರವದು. ಬಿಸಿಲು ಪುಸ್ತಕಕ್ಕೆ ಶತ್ರು, ಆದುದರಿಂದ ಆ ಗೋಪುರಕ್ಕೆ ಕಿಟಕಿಗಳು ಬಹಳ ಕಡಮೆ. ಉಪಯೋಗದ ನಿಯಮದಿಂದಲೇ ನಾಲ್ಕು ಕಡೆಯೂ ವಿಶಾಲವಾದ ಬರಿಯ ಗೋಡೆಗಳು ಉಳಿದವು. ಆ ಗೋಡೆಗಳನ್ನು ಓಗೋರ್ಮನ್ನನು ದೇಶದ ನಾನಾ ಭಾಗಗಳಿಂದ ಆರಿಸಿ ತಂದ ಸಹಜವರ್ಣದ ಕಲ್ಲುಗಳಿಂದ, ಸುಮಾರು 4000 ಚದರ ಮೀಟರಿನಷ್ಟು ಚಿತ್ರದಿಂದ ಮುಚ್ಚಿದನು. ಪ್ರಾಚೀನ ಮೆಕ್ಸಿಕೊದ ದೇವತೆಗಳು ಒಂದು ಗೋಡೆಯಲ್ಲಿ, ಸ್ಪೇನಿನವರ ಆಳ್ವಿಕೆಯ ಕಾಲವು ಇನ್ನೊಂದರಲ್ಲಿ. ಕಲ್ಲಿನ ಬಣ್ಣವು ಬಿಸಿಲುಮಳೆಗೆ ಸುಲಭವಾಗಿ ಮಾಸುವಂಥದಲ್ಲ. ಒಳಗೆ ಗ್ರಂಥಗಳು, ಹೊರಗೆ ಕಲ್ಲಿನಲ್ಲಿ ಬರೆದ ಚರಿತ್ರೆ. ಇಲ್ಲಿ ಅಲಂಕಾರವು ಉಪಯೋಗಕ್ಕೆ ಅಡ್ಡಿಯಾಗಲಿಲ್ಲ, ಉಪಯೋಗವೇ ಅಲಂಕಾರಕ್ಕೆ ಪೀಠವನ್ನು ಒದಗಿಸಿತು. ಔಚಿತ್ಯವೆಂದರೆ ಇದೇ.

ಸಾನ್ ಆಂಹೆಲಿನ ಜೋಡಿಮನೆಗಳು 1986ರಿಂದ ಸಂಗ್ರಹಾಲಯವಾಗಿವೆ. 1929ರ ಮೊದಲನೆಯ ಮನೆಯೂ ಈಗ ಅದಕ್ಕೆ ಸೇರಿದೆ. ಕಲಾಕೃತಿಯಲ್ಲವೆಂದು ಕಟ್ಟಿದವನು ಹೇಳಿದ ಆ ಮನೆಯನ್ನು ಕಲಾಕೃತಿಯೆಂದೇ ನೋಡಲು ದೂರದೇಶಗಳಿಂದ ಜನರು ಬರುತ್ತಾರೆ. ಹೀಗೆ ರಿವೇರನ ತರ್ಕವು ಸೋತರೂ ಅವನ ಕಣ್ಣು ಗೆದ್ದಿತು. ಆದರೆ ನೋಡುವವರ ಮೆಚ್ಚುಗೆಯು ಮನೆಗೆ ಸಲ್ಲುವ ತೀರ್ಪಿನ ಅರ್ಧ ಮಾತ್ರ. ಉಳಿದರ್ಧವನ್ನು ಕೊಡಬೇಕಾದವರು ಅಲ್ಲಿ ಬಾಳಿದವರು. ಹೊಸದಾಗಿ ಮನೆ ಕಟ್ಟಿಸುವ ಗೃಹಸ್ಥನು ನವೀನ ಶೈಲಿಯನ್ನು ಒಲಿದರೂ ಒಲಿಯಲಿ, ಹಳೆಯ ಶೈಲಿಯನ್ನು ಹಿಡಿದರೂ ಹಿಡಿಯಲಿ. ನಕ್ಷೆಯ ಮೇಲೆ ಗೆರೆಯೆಳೆಯುವುದಕ್ಕೆ ಮುಂಚೆ ಮನೆಯಲ್ಲಿ ಕಾಲುನೋವಿನವರು ಯಾರು, ಅವರು ದಿನಕ್ಕೆ ಎಷ್ಟು ಸಲ ಮೆಟ್ಟಿಲು ಹತ್ತಬೇಕು ಎಂಬುದನ್ನು ಒಮ್ಮೆ ಕೇಳಿಕೊಳ್ಳಲಿ.